ಹಲಗೆಯ ತೂಕ

ಜೂನ್ ಮುಗಿಯುವ ಮೊದಲೇ ಪೆಟ್ಟಿಗೆಯ ಸೆಳೆಖಾನೆ
ಹಲ್ಲು ಕಚ್ಚಿ ಕೂತಿತು.
ಒಳಗೆ ಮನೆಬಾಡಿಗೆಯ ಕರಾರು,
ದಾನೇಶ್ವರಿಯ ಬ್ಯಾಂಕಿನ ವರ್ಗಾವಣೆ ಪತ್ರ.
ವಿಜಯಪುರದ ಬಿಸಿಲಲ್ಲಿ ಬೆರಳು ತಾಗಿದರೆ ಜಾರುತ್ತಿದ್ದದ್ದು,
ನಾನೇ ಮಾಡಿದ್ದು,
ಹದಿನಾಲ್ಕು ಡವ್‌ಟೇಲ್, ಒಂದಕ್ಕೂ ಪುಟ್ಟಿ ಇಲ್ಲ ಎಂದು
ಬಂದ ನೆಂಟರಿಗೆಲ್ಲ ತೋರಿಸಿದ್ದು.

ಭಾಂಡುಪಿನಲ್ಲಿ ಗಾಳಿಯನ್ನೇ ಹಿಂಡಬಹುದು.
ಉಳಿಗಳಿಗೆ ರಾತ್ರೋರಾತ್ರಿ ಅರಿಸಿನ ಶಾಸ್ತ್ರ.
ಅರಗಿನ ಪಾಲಿಶ್ ಬಳಿದಿಟ್ಟರೆ ಬೆಳಿಗ್ಗೆಗೆ
ಮಜ್ಜಿಗೆ ಚೆಲ್ಲಿದಂತೆ ಬಿಳುಪು.
ಸರೇಸಿನ ಚೂರಿಗೆ ಮೀಸೆ ಬಂದಿದೆ.

ಊರಲ್ಲಾದರೆ ಒಂದೇ ಕಟ್ಟಿಗೆ ಅಡ್ಡೆ, ಒಬ್ಬನೇ ಮಕಬೂಲ.
"ಮಾಸ್ತರ, ಇದು ನಿಮ್ದು" ಎಂದು
ಗೋಡೆಗೆ ಆನಿಸಿ ತೆಗೆದಿಟ್ಟ ಹಲಗೆ.
ಇಲ್ಲಿ ಕೇಳಬೇಕು.

ಕೇಳಿದೆ. ವಾಚ್‌ಮನ್ ಪ್ಲೈವುಡ್ ಅಂಗಡಿ ತೋರಿಸಿದ.
ಅಂಗಡಿಯವ ಸನ್‌ಮೈಕಾ ಪುಸ್ತಕ ಬಿಡಿಸಿದ:
ಇದು ಸಾಗವಾನಿ, ಇದು ಬೀಟೆ, ಇದು ಫಾರಿನ್ನು.
"ಮರ?" ಎಂದೆ.
"ಇದೇ ಮರ" ಎಂದ,
ಹಾಳೆಗೆ ಉಗುರು ಬಡಿದು.

ನಾಗದೇವಿ ಬೀದಿಯಲ್ಲಿ ಮೂರು ಶನಿವಾರ.
ಒಂದು ಅಂಗಡಿಯಲ್ಲಿ ಮೊಳೆ ಮಾತ್ರ, ಪಕ್ಕದ್ದರಲ್ಲಿ ತಿರುಪು ಮಾತ್ರ,
ಅದರಾಚೆಯವರು ಸ್ಪ್ರಿಂಗು ಮಾರುತ್ತ ಮೂರು ತಲೆಮಾರು.
ಕೀಸುಳಿಯ ಅಲಗು ಕೇಳಿದರೆ
"ಎಷ್ಟು ಡಜನ್?"
ಒಂದು ಎಂದೆ.
ಮದುವೆಮನೆಗೆ ಬಂದು ಬರೀ ನೀರು ಕೇಳಿದವನನ್ನು
ನೋಡುವ ಹಾಗೆ ನೋಡಿದ.
ಆದರೂ ಅಟ್ಟದ ಮೇಲಿನ ಹುಡುಗನನ್ನು ಕೂಗಿ
ಇಳಿಸಿಕೊಟ್ಟ, ಗ್ರೀಸು ಕಾಗದದಲ್ಲಿ ಸುತ್ತಿದ್ದು.

ಕೊನೆಗೆ ರೇ ರೋಡ್.
ರೈಲು ಇಳಿಯುತ್ತಲೇ ಮೂಗಿಗೆ ಗುರುತು ಸಿಕ್ಕಿತು:
ಸೀಳಿದ ಸಾಗವಾನಿಯ ಒಗರು, ಅದರಡಿ ಡೀಸೆಲ್ಲು,
ಅದರಡಿ ಸಮುದ್ರದ ಕೆಸರು.
ರತನ್‌ಶೀ ಪಟೇಲರ ಸಾಮಿಲ್ಲು. ಕಛ್ ಕಡೆಯವರು,
ಮರ ಕಾಣದ ಬಯಲಿಂದ ಬಂದು
ಅಜ್ಜನ ಕಾಲದಿಂದ ಮರ ಕೊಯ್ಯುವವರು.
ಖಾತೆಯಿಂದ ತಲೆಯೆತ್ತದೆ ಕೇಳಿದರು,
"ಎಷ್ಟು ಘನ ಅಡಿ?"
"ಒಂದೇ ಹಲಗೆ. ಸೆಳೆಖಾನೆಗೆ."
ತಲೆಯೆತ್ತಿದರು.

ಒಡೆದ ಹಡಗಿನ ಬಾಗಿಲೊಂದು ಗೋಡೆಗೊರಗಿತ್ತು,
ಹಿತ್ತಾಳೆ ಕಿತ್ತ ತೂತು, ಐದಾರು ಬಣ್ಣದ ಪದರ.
"ಬರ್ಮಾ ಮಾಲು. ನೀರಿನ ಮೇಲೇ ಹಣ್ಣಾದದ್ದು.
ಇದಕ್ಕೆ ನಿಮ್ಮ ಮಳೆ ಯಾವ ಲೆಕ್ಕ?"
ಬೆಲೆ ಹೇಳಿದರು. ನನ್ನ ಮುಖ ನೋಡಿದರು.
ಅದರದ್ದೇ ಒಂದು ತುಂಡು ಕೊಯ್ಸಿ,
ಈಗ ಬೇರೆ ದನಿಯಲ್ಲಿ:
"ಆದರೂ ಇವತ್ತೇ ಗರಗಸ ಹಚ್ಚಬೇಡಿ.
ಮನೆಯಲ್ಲಿ ನಿಲ್ಲಿಸಿ, ಕುಡಿಯುವಷ್ಟು ಕುಡಿಯಲಿ.
ತೂಗುತ್ತಿರಿ. ತೂಕ ನಿಂತಾಗ ಕೊಯ್ಯಿರಿ.
ಖಾನೆಯ ಸುತ್ತ ಸಂದು ಬಿಡಿ, ಒಂದು ಪೋಸ್ಟ್‌ಕಾರ್ಡಿನಷ್ಟು.
ಚಳಿಗೆ ಎರಡು ಕಾರ್ಡು ಹಿಡಿದೀತು. ಹಿಡಿಯಲಿ."

ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಅಮ್ಮನೊಬ್ಬಳು
ನನ್ನ ಹಲಗೆಗೆ ಬೆನ್ನು ಕೊಟ್ಟು
ಕುರ್ಲಾದವರೆಗೆ ನಿದ್ದೆ ಹೊಡೆದಳು.
ಮನೆಯಲ್ಲಿ ದಾನೇಶ್ವರಿ ಮೂಸಿ,
"ಯಾವ ಗಿಡದ್ದರೀ ಇದು,
ಬೊಂಬಿಲ್ ಗಿಡದ್ದಾ?"

ಈಗ ಅದು ಫ್ರಿಜ್ಜಿನ ಪಕ್ಕ ನಿಂತಿದೆ.
ಭಾನುವಾರ ರದ್ದಿಯ ಲಲ್ಲನ್ ಬಂದಾಗ
ಪೇಪರಿನ ಜತೆ ಅವನ ಕೊಕ್ಕೆಗೆ ಇದನ್ನೂ ತೂಗುಹಾಕುತ್ತೇನೆ.
ಮೊದಲ ವಾರ ಕೇಳಿದ, ಮಾರುವುದಾ?
ಈಗ ಕೇಳುವುದಿಲ್ಲ.
ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲು:
ನಾಲ್ಕು ಕಿಲೋ ನೂರ ಹತ್ತು.
ನಾಲ್ಕು ಇನ್ನೂರ ಅರವತ್ತು.
ನಾಲ್ಕು ಮುನ್ನೂರ ನಲವತ್ತು.
ನಾಲ್ಕು ಮುನ್ನೂರ ಎಂಬತ್ತು.

ಇವತ್ತು ಲಲ್ಲನ್ ಎರಡು ಸಲ ತೂಗಿದ,
ತನ್ನ ತಕ್ಕಡಿಯ ಮೇಲೇ ಅನುಮಾನ ಬಂದವನಂತೆ.
"ಅಷ್ಟೇ ಇದೆ, ಸಾಹೇಬರೇ."
ಇಬ್ಬರೂ ಸ್ವಲ್ಪ ಹೊತ್ತು
ಅದನ್ನೇ ನೋಡುತ್ತ ನಿಂತೆವು.

ಅಲಗು ಮಸೆದಾಗಿದೆ. ಗುರುತು ಹಾಕಿಯಾಗಿದೆ.
ಹಳೆಯ ಖಾನೆ ಇನ್ನೂ ಬಾಯಿ ಬಿಟ್ಟಿಲ್ಲ,
ಕರಾರುಪತ್ರಕ್ಕೆ ಮಾಲೀಕ ಎರಡು ಸಲ ಫೋನು ಮಾಡಿದ.
ಪೋಸ್ಟ್‌ಕಾರ್ಡು ಈ ಊರಲ್ಲಿ ಎಲ್ಲಿ ಸಿಗುತ್ತದೋ,
ಯಾರನ್ನಾದರೂ
ಕೇಳಬೇಕು.