ಉಂಗುರಗಳ ಲೆಕ್ಕ

ರಾತ್ರಿ ಎರಡೂಕಾಲು. ಲಿವರ್‌ಪೂಲ್.
ಮರ್ಸಿ ನದಿಯ ಮೇಲಿನ ಗಾಳಿ
ಕಿಟಕಿಯ ಸಂದು ಹುಡುಕಿ ಹುಡುಕಿ ಲ್ಯಾಬಿನೊಳಗೆ ಬರುತ್ತಿದೆ.
ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ,
ತೆಳ್ಳಗೆ ಎಳೆದು, ಒಣಗಿಸಿ,
ನೇರಳೆ ಬಣ್ಣದಲ್ಲಿ ಅದ್ದಿ ತೆಗೆದದ್ದು.
ಎಬೊ ಕ್ವಾನ್ಸಾ, ಐವತ್ತಮೂರು,
ಎಂಬತ್ತೆರಡನೇ ನಂಬರ್ ಬಸ್ಸಿನ ಡ್ರೈವರ್.
ಚೀಟಿಯಲ್ಲಿ ಡಾಕ್ಟರರ ಅವಸರದ ಅಕ್ಷರ:
ಜ್ವರ, ಮೂರು ದಿನ. ಊರಿಗೆ ಹೋಗಿ ಬಂದಿದ್ದಾರೆ.

ಎಣ್ಣೆಯ ಒಂದು ತೊಟ್ಟು. ಲೆನ್ಸು ಇಳಿಸಿದೆ.
ಇದ್ದಾವೆ.
ತಿಳಿಗುಲಾಬಿ ಬಿಲ್ಲೆಗಳೊಳಗೆ
ನೀಲಿ ಉಂಗುರಗಳು,
ಒಂದೊಂದಕ್ಕೂ ಒಂದು ಕೆಂಪು ಹರಳು,
ಯಾರದೋ ಮದುವೆಗೆ ಮಾಡಿಸಿಟ್ಟಷ್ಟು ಚಂದ.
ಚಂದ ಎನ್ನಬಾರದು; ಎಂದುಬಿಟ್ಟೆ.
ಬೆರಳ ಕೆಳಗೆ ಎಣಿಕೆಯ ಯಂತ್ರ
ಕಟ್, ಕಟ್.

ಕನ್ನ ಕೊರೆದು ಬಂದವನಲ್ಲ ಈ ಕಳ್ಳ.
ಮೊದಲು ಗೋಡೆಗೆ ಅಡ್ಡಾದಿಡ್ಡಿ ಅಂಟುತ್ತಾನೆ,
ಹೊರಳಿ ಮೂತಿ ತಿರುಗಿಸುತ್ತಾನೆ,
ತಾನೇ ಹೊತ್ತು ತಂದ ಹೊಸ್ತಿಲನ್ನು ಅಲ್ಲಿ ನೆಟ್ಟು
ಗೋಡೆಯನ್ನೇ ಕಂಬಳಿಯ ಹಾಗೆ ಮೈಗೆ ಸುತ್ತಿಕೊಳ್ಳುತ್ತ
ಜಾರುತ್ತಾನೆ ಒಳಗೆ.
ಒಂದು ನಿಮಿಷ ಹಿಡಿಯುವುದಿಲ್ಲ.
ಬೆನ್ನ ಹಿಂದೆ ಗೋಡೆ ಕೂಡಿಕೊಳ್ಳುತ್ತದೆ. ಗಾಯವಿಲ್ಲ.
ಗಸ್ತು ತಿರುಗುವವರಿಗೆ
ಮನೆ ಎಂದಿನ ಮನೆ.

ಕೆಂಪು ಕಣ ಬಡಪಾಯಿ.
ಉಸಿರು ಹೊರುವ ಕೂಲಿಗೆ ಜಾಗ ಬೇಕೆಂದು
ತನ್ನ ನಡುಮನೆಯನ್ನು ಎಂದೋ ಖಾಲಿ ಮಾಡಿಕೊಂಡದ್ದು.
ಒಳಗಿನಿಂದ ಕೂಗುವುದು ಯಾರು?
ಉಂಡ ಮನೆಯ ಜಂತೆ ಎಣಿಸುವುದು ಹಳೆಯ ಮಾತು;
ಇವನು ಜಂತೆಯನ್ನೇ ಉಣ್ಣುತ್ತಾನೆ,
ಉಳಿದ ಬೂದಿಯನ್ನು
ಕಂದು ಹರಳು ಮಾಡಿ ಮೂಲೆಗೆ ಗುಡಿಸಿಡುತ್ತಾನೆ.
ಅಚ್ಚುಕಟ್ಟು.

ಗುಲ್ಮದ ಸುಂಕದಕಟ್ಟೆಯಲ್ಲಿ
ಪ್ರತಿ ಕಣವನ್ನೂ ಅಮುಕಿ ನೋಡುತ್ತಾರೆ,
ಬಾಗದಿದ್ದರೆ ಅಲ್ಲೇ ಮುಗಿಯಿತು.
ಅದಕ್ಕೇ ಅತ್ತ ಸುಳಿಯುವುದಿಲ್ಲ ಇವನು.
ಹೊರಗೋಡೆಯ ತುಂಬ ಅಂಟುಗಂಟು ಮೂಡಿಸಿ
ನಾಳದ ದಂಡೆಗೆ ಲಂಗರು ಹಾಕುತ್ತಾನೆ.
ಗಂಟಿನ ಗುರುತು ಹಿಡಿದು
ರಕ್ತ ಬಾಣ ಮಸೆಯಲು ದಿನಗಳು ಬೇಕು;
ಅಷ್ಟರಲ್ಲಿ ಅಂಗಿ ಬದಲು.
ಪೆಟ್ಟಿಗೆಯಲ್ಲಿ ಅರವತ್ತು, ಮೈಮೇಲೆ ಒಂದೇ.
ನಿನ್ನೆಯ ಅಂಗಿಯ ಬಣ್ಣ ಹೇಳಿಕೊಂಡು
ಇವತ್ತಿನ ಬೀದಿಯಲ್ಲಿ ಅಲೆಯುತ್ತಾರೆ ಪೊಲೀಸರು.

ಇನ್ನೊಂದು ಹನಿಗಾಗಿ ನಾನೇ ವಾರ್ಡಿಗೆ ಹೋದೆ.
ಸೋದರತ್ತೆಯ ಮಣ್ಣಿಗೆ ಹೋಗಿದ್ದೆ, ಅಂದರು ಎಬೊ,
ಮೂರು ಹೊದಿಕೆಗಳ ಅಡಿಯಿಂದ.
ಕೇಪ್ ಕೋಸ್ಟಿನಲ್ಲಿ ಹುಟ್ಟಿದವನು ನಾನು,
ಪ್ರವಾಸಿಗಳ ಹಾಗೆ ಮಾತ್ರೆ ನುಂಗಲು ನಾಚಿಕೆಯಾಯಿತು.
ನಮ್ಮೂರ ಸೊಳ್ಳೆಗೆ ನನ್ನ ಪರಿಚಯವಿಲ್ಲವೇ?

ನಾನು ಹೇಳಲಿಲ್ಲ:
ಪರಿಚಯವೆಂದರೆ ವರ್ಷವರ್ಷ ಕಟ್ಟುವ ಕಂದಾಯ.
ಮಗುವಾಗಿ ನಡುಗಿ, ಹುಡುಗನಾಗಿ ನಡುಗಿ,
ಒಂದೊಂದು ಅಂಗಿಯನ್ನೂ ಮೈಯಲ್ಲಿ ಬಾಯಿಪಾಠ ಮಾಡಿ
ಕಡೆಗೆ ಗೆದ್ದದ್ದೇನಲ್ಲ, ರಾಜಿಯಾದದ್ದು.
ಹತ್ತೊಂಬತ್ತು ವರ್ಷ ಈ ತಣ್ಣನೆಯ ಊರಲ್ಲಿ ಸುಖವಾಗಿದ್ದು
ರಕ್ತಕ್ಕೆ ಪಾಠ ಮರೆತಿದೆ.

ನಾನೂ ಬಂದರಿನವಳೇ,
ಮಂಗಳೂರಿನ ದಕ್ಕೆಯ ಹಿಂದಿನ ಓಣಿ,
ಏಳನೇ ಕ್ಲಾಸಿನಲ್ಲಿ ಎರಡು ಸಲ ನಡುಗಿದವಳು.
ಈಗ ಕೇಳಿದರೆ ನನ್ನ ರಕ್ತವೂ ತಡವರಿಸೀತು.
ನಾಲಗೆಗೆ ಮಾತ್ರ ಆ ಮಾತ್ರೆಯ ಕಹಿ
ಪೂರಾ ನೆನಪಿದೆ.

ಸಾವಿರಕ್ಕೆ ನಲವತ್ತೊಂದು. ಫೋನು ಮಾಡಿದೆ.
ಔಷಧ ನಾಳಕ್ಕೆ ಇಳಿಯಿತು.
ಬೆಳಗಿನ ಗಾಜಿನಲ್ಲಿ ಐವತ್ತೆರಡು.
ಕೆಲವೊಮ್ಮೆ ಹೀಗೂ ಆಗುತ್ತದೆ,
ದಂಡೆಯಲ್ಲಿ ಅಡಗಿದ್ದವು ಮನೆ ಒಡೆದುಕೊಂಡು ಹೊರಬೀಳುತ್ತವೆ.
ಗೊತ್ತಿದ್ದೂ ಮತ್ತೊಮ್ಮೆ ಎಣಿಸಿದೆ.
ಐವತ್ತೆರಡೇ.

ಕೆಳಗೆ ರಸ್ತೆಯಲ್ಲಿ, ಇನ್ನೂ ದೀಪ ಹಚ್ಚಿಕೊಂಡೇ,
ಬೇರೆ ಯಾರದೋ ಕೈಯಲ್ಲಿ ಎಂಬತ್ತೆರಡು
ಮೆಲ್ಲಗೆ ತಿರುವು ತೆಗೆದುಕೊಳ್ಳುತ್ತಿತ್ತು.