ಸಹಿ ಬೀಳದ ಬೋಲ್ಟು

ಶೆಫೀಲ್ಡಿನಲ್ಲಿ, ಡಾನ್ ನದಿ ಹಳೆಯ ಇಟ್ಟಿಗೆ ಗೋಡೆಗೆ
ಮೈಯುಜ್ಜಿಕೊಂಡು ಹೋಗುವ ಕಡೆ ನಮ್ಮ ಕಾರ್ಖಾನೆ.
ಹದಿನೇಳು ಜನ, ಎರಡು ಕುಲುಮೆ, ಒಂದು ಕೆಟಲು.
ನಾನು ಕಾಗದದವಳು.
ಉಕ್ಕು ಮುಟ್ಟುವುದಿಲ್ಲ, ಅದರ ಜಾತಕ ಬರೆಯುತ್ತೇನೆ.

ನಗಬೇಡಿ. ಇಲ್ಲಿ ಒಂದೊಂದು ಬೋಲ್ಟಿಗೂ
ಹುಟ್ಟಿದ ಗಳಿಗೆಯಿದೆ, ಯಾವ ಎರಕದ ಕುಲವೆಂಬ ನಂಬರಿದೆ,
ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಕಾದಿತು,
ಯಾವ ಎಣ್ಣೆಯಲ್ಲಿ ಮುಳುಗಿತು,
ಅದರ ಒಡಹುಟ್ಟಿದ ತುಂಡನ್ನು ಎಳೆದಾಗ
ಯಾವ ಭಾರಕ್ಕೆ ಹರಿಯಿತು,
ಎಲ್ಲಕ್ಕೂ ಹಾಳೆ, ಹಾಳೆಗೊಂದು ಸಹಿ.
ಬೋಲ್ಟು ಅರವತ್ತು ಕಿಲೋ, ಕಾಗದ ಎರಡು.

ಕೆನಡಾದ ಯಾವುದೋ ಸರೋವರದ ದಂಡೆಗೆ
ಚಿಕ್ಕ ರಿಯಾಕ್ಟರು ಬರುತ್ತದಂತೆ.
ಚಿಕ್ಕದು, ಚಿಕ್ಕದು ಎನ್ನುತ್ತಾರೆ ಟೈ ಕಟ್ಟಿ ಬಂದವರು,
ಲಾರಿಯ ಮೇಲೆ ಹೇರಿ ಒಯ್ದು ಕೂಡಿಸಿಬಿಡಬಹುದು.
ಆ ಚಿಕ್ಕದಕ್ಕೆ ಬೇಕು
ಜಪಾನಿನಿಂದ ಉಂಗುರ, ಚೆಕ್ ದೇಶದಿಂದ ಕವಾಟ,
ಆಸ್ಟ್ರಿಯಾದ ಪಂಪು, ಇನ್ನೆಲ್ಲಿಯದೋ ತಂತಿ,
ನಮ್ಮ ಇಪ್ಪತ್ತನಾಲ್ಕು ಬೋಲ್ಟು.
ಮುಚ್ಚಳ ಹಿಡಿಯುವವರು ನಾವು, ನೆನಪಿರಲಿ.

ರಾಯ್‌ಸ್ಟನ್ ಸ್ಟಾನಿಫೋರ್ತ್ ತಪಾಸಣೆಯವನು.
ಪೆನ್ನು ಒತ್ತಿ ಬರೆಯುತ್ತಿದ್ದ,
ಅವನ ಸಹಿಯನ್ನು ಹಾಳೆಯ ಹಿಂದಿನಿಂದ ಬೆರಳಲ್ಲಿ ಓದಬಹುದಿತ್ತು.
ಒಂದು ಬೋಲ್ಟಿನ ತಿರುಪು ಕೆಟ್ಟು
ಅದರ ಬದಲಿ ಒಂಟಿಯಾಗಿ ಕುಲುಮೆಗೆ ಹೋದ ರಾತ್ರಿ
ಎದುರಿಗೆ ಅವನೊಬ್ಬನೇ, ಮಡಿಲಲ್ಲಿ ಚಹಾ.
ಬೆಳಿಗ್ಗೆ ಆರಕ್ಕೆ ಹುಡುಗ ಕೀರನ್ ಬಂದು ನೋಡಿದಾಗ
ಬೋಲ್ಟು ಇನ್ನೂ ಬೆಚ್ಚಗಿತ್ತು.

ಚಾರ್ಟಿನಲ್ಲಿ ಕೆಂಪು ಗೆರೆ ನೇರ,
ಎಲ್ಲಿಯೂ ಒಂದು ಕೂದಲಷ್ಟು ಬಾಗಿಲ್ಲ.
ಕೆಳಗೆ ಚೌಕ ಖಾಲಿ.

ಟೊರಾಂಟೊದಿಂದ ಬಂದ ತಿಬೊಡೊ ಮೇಡಂ
ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕೇಳಿದರು:
ನೋಡಿದವರು ಯಾರು?
ನೋಡುತ್ತಲೇ ತೀರಿಕೊಂಡ, ಎಂದೆ.
ಇನ್ನೊಮ್ಮೆ ಕಾಯಿಸಿದರೆ?
ಆಗ ಅದು ಬೇರೆ ಬೋಲ್ಟು ಮೇಡಂ,
ಎಂದ ಕೀರನ್, ಮೊದಲ ಸಲ ಬಾಯಿಬಿಟ್ಟು.

ಒಂದು ಮಾತು ಹೇಳಿಬಿಡುತ್ತೇನೆ.
ಇಪ್ಪತ್ತೆಂಟು ವರ್ಷ ಅವನ ಸಹಿ ನೋಡಿದವಳು ನಾನು.
ಮೊದಲಕ್ಷರದ ಕೊಕ್ಕೆ, ಕೊನೆಯ ಎಳೆತ, ಎಲ್ಲ ಕೈಗೆ ಗೊತ್ತು.
ಮಂಗಳವಾರ ಹಡಗು. ಪೆನ್ನು ಮೇಜಿನ ಮೇಲೆ,
ಅವನದೇ ಪೆನ್ನು.
ಎರಡು ಸೆಕೆಂಡಿನ ಕೆಲಸ.

ಹಿಂದೊಮ್ಮೆ ತಾರೀಖು ತಪ್ಪಿ ಬರೆದು
ಬಿಳಿ ಬಳಿದು ತಿದ್ದಿದ್ದೆ.
ರೇಗಲಿಲ್ಲ ಅವನು. ಉಗುರಿನಿಂದ ಬಿಳಿಯನ್ನು ಕೆರೆದ.
ಒಂದೇ ಗೀಟು ಎಳಿ, ಪಕ್ಕದಲ್ಲಿ ನಿನ್ನ ಹೆಸರು ಹಾಕು,
ತಪ್ಪು ಓದುವ ಹಾಗಿರಲಿ, ಎಂದ.

ಚೌಕದ ಮೇಲೆ ಒಂದೇ ಗೀಟು ಎಳೆದೆ.
ಪಕ್ಕದಲ್ಲಿ ನನ್ನ ಹೆಸರು, ತಾರೀಖು,
ಕಾರಣ ಎಂಬಲ್ಲಿ: ಸಾಕ್ಷಿ ಇಲ್ಲ.

ಹಡಗು ಹೋಯಿತು.
ಇಪ್ಪತ್ತಮೂರು ಬೋಲ್ಟು ಗ್ರೀಸು ಮೆತ್ತಿಕೊಂಡು
ಪೆಟ್ಟಿಗೆಯಲ್ಲಿ ಹನ್ನೊಂದು ವಾರ ಮಲಗಿದವು.
ಆ ಕಡೆ ಸರೋವರ ಹೆಪ್ಪುಗಟ್ಟಿತಂತೆ,
ಕ್ರೇನು ದಿನಬಾಡಿಗೆ ತಿನ್ನುತ್ತ ನಿಂತಿತ್ತಂತೆ,
ಜಪಾನಿನ ಉಂಗುರ ತಾಡಪಾಲಿನಡಿ ಕಾದಿತಂತೆ.
ಬೈದವರ ಪತ್ರಗಳನ್ನೂ ಫೈಲಿಗೆ ಸೇರಿಸಿದ್ದೇನೆ,
ಪುಟಸಂಖ್ಯೆ ಹಾಕಿ.

ತಿರಸ್ಕೃತ ಮಾಲನ್ನು ಗರಗಸದಿಂದ ಕೊಯ್ಯಬೇಕು, ಅದು ನಿಯಮ,
ಯಾರೂ ಕದ್ದು ಬಳಸದಿರಲೆಂದು.
ಮೂರು ತುಂಡಾಯಿತು. ಒಂದನ್ನು ಅವನ ಹೆಂಡತಿ ಕೇಳಿದಳು.
ಕೀರನ್ ಹೊತ್ತು ಕೊಟ್ಟು ಬಂದ.

ಮೊನ್ನೆ ಹೋಗಿದ್ದೆ. ಹಿತ್ತಿಲ ಬಾಗಿಲಿಗೆ ಆನಿಸಿಟ್ಟಿದ್ದಾಳೆ,
ಮೇಲುಗಡೆ ನಂಬರು, ನಾನೇ ಬರೆದಿದ್ದ ನಂಬರು.
ಹೊರಗೆ ಬೆಟ್ಟದ ಗಾಳಿ, ತಂತಿಯ ಮೇಲೆ ಒದ್ದೆ ಬಟ್ಟೆ.
ಚೆನ್ನಾಗಿತ್ತಾ ಇದು? ಕೇಳಿದಳು ಗ್ಲೆನಿಸ್.
ಕಾಗದದಲ್ಲಿ ಇಲ್ಲದ್ದನ್ನು ನಾನು ಹೇಳುವಂತಿಲ್ಲ.

ಬಾಗಿಲು ಹಿಡಿದಿದೆಯಲ್ಲ, ಎಂದೆ.