ಕೂಡುಗೆರೆ

ಬಣ್ಣ ಕೆರೆದ ಮೇಲೆ ಕಂಡಿತು,
ಇದು ಒಂದೇ ಮೈಯಲ್ಲ.
ಮುಂದಿನ ಗಾಲಿಗಳ ಉಬ್ಬಿನ ಉದ್ದಕ್ಕೂ
ಹಿಂಬದಿ ದೀಪಗಳ ನೆತ್ತಿಯ ಮೇಲೂ
ಅಡಿಗೆ ಪಟ್ಟಿ ಕೊಟ್ಟು ಅಂಟಿಸಿದ ಗೆರೆ.
ಎಪ್ಪತ್ತೊಂದರ ಕಾರ್ವೆಟ್. ತಗಡಲ್ಲ, ಗಾಜಿನ ನಾರು.
ತುಕ್ಕು ಹಿಡಿಯದು ಎಂದು ಮಾರಿದವರು
ಗೆರೆಯ ಸುದ್ದಿ ಎತ್ತಿರಲಿಲ್ಲ.

ಡಾಕ್ಟರ್ ಫೆರಿಸ್ ಓಡಮ್, ಹಲ್ಲಿನವರು,
ಜುಲೈ ನಾಲ್ಕರ ಮೆರವಣಿಗೆಗೆ ಕೆಂಪಗೆ ಬೇಕು ಎಂದರು.
"ಹುಳುಕು ತೆಗೆದು ತುಂಬಿಬಿಡಿ, ಅಷ್ಟೇ ತಾನೆ?"
ಅವರ ಕೆಲಸದಲ್ಲಿ ಅಷ್ಟೇ ಇರಬಹುದು.

ಗ್ರಾನೈಟ್ ಸಿಟಿಯಲ್ಲಿ ನನ್ನ ಶೆಡ್ಡು.
ನದಿಯಾಚೆ ಸೇಂಟ್ ಲೂಯಿಸ್; ಈ ಕಾರು ಹುಟ್ಟಿದ್ದು ಅಲ್ಲೇ,
ಎಮಿಲ್ ವ್ರಾಬೆಲ್ ದುಡಿದದ್ದೂ ಅಲ್ಲೇ, ಅಂಟಿನ ಸಾಲಿನಲ್ಲಿ.
ಈಗ ಎಂಬತ್ತೇಳು. ಶುಕ್ರವಾರ ಬರುತ್ತಾನೆ,
ಬಕೆಟ್ಟು ಬೋರಲು ಹಾಕಿ ಕೂರುತ್ತಾನೆ.
ಗೆರೆಯ ಮೇಲೆ ಬೆರಳಾಡಿಸಿ
"ಇದು ಊಟದ ಗಂಟೆಗೆ ಮುಂಚಿನದು" ಎನ್ನುತ್ತಾನೆ,
"ಅವಸರ ನೋಡು. ಅಂಟು ಅರೆಹೊಟ್ಟೆ."
ಅವನದೇ ಕೈಯೋ ಎಂದು ನಾನು ಕೇಳುವುದಿಲ್ಲ.
ಅವನೂ ಹೇಳುವುದಿಲ್ಲ.

ಗ್ರೈಂಡರ್ ಹಿಡಿಯುವ ಮೊದಲು
ಎರಡೂ ತೋಳಿಗೆ ಮಗುವಿನ ಪೌಡರು.
ಮೊಣಕೈ ಮಡಿಕೆಗೆ, ಕುತ್ತಿಗೆಗೆ, ಮಣಿಕಟ್ಟಿಗೆ,
ಚರ್ಮದ ತೂತೆಲ್ಲ ಮುಚ್ಚುವ ಹಾಗೆ ತಟ್ಟಬೇಕು.
ಇಲ್ಲವಾದರೆ ಗಾಜು ಒಳಗಿಳಿದು ರಾತ್ರಿಯಿಡೀ ನವೆ,
ಲೊರೆಟ್ಟಾ ದಿಂಬು ಎತ್ತಿಕೊಂಡು ಬೇರೆ ಮಂಚಕ್ಕೆ ಹೋಗುತ್ತಾಳೆ.

ಅಂಗಡಿಯ ಗಲ್ಲಾದ ಹುಡುಗಿ ಒಮ್ಮೆ ಕೇಳಿದ್ದಳು,
"ಎಷ್ಟು ತಿಂಗಳು?"
"ನಾಲ್ಕು" ಎಂದುಬಿಟ್ಟೆ.
ನನ್ನ ಹಿಂದೆ ಸಾಲು ಉದ್ದವಿತ್ತು;
ಗಾಜು, ನವೆ, ಕಾರು, ಎಲ್ಲ ವಿವರಿಸಬೇಕಿತ್ತು.
ಅವಳು ಹೋದಳು. ಬೇರೆಯವರು ಬಂದರು, ಅವರೂ ಕೇಳಿದರು.
ಹನ್ನೊಂದು ವರ್ಷದಿಂದ ಅವನಿಗೆ ನಾಲ್ಕೇ ತಿಂಗಳು.
ಗಂಡು. ನಿದ್ದೆ ಚೆನ್ನಾಗಿ ಮಾಡುತ್ತಾನೆ.
ಲೊರೆಟ್ಟಾಗೆ ಇದು ತಿಳಿಯದು.
ಮಹಡಿಯ ಸಣ್ಣ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನಿದೆ,
ಗೋಡೆ ಮಾತ್ರ ಇನ್ನೂ ಹಳದಿ.

ಗೆರೆಯನ್ನು ಕೊರೆದು ಕಣಿವೆ ಮಾಡಿದೆ.
ಹಳೆ ಅಂಟು ಸುಟ್ಟ ವಾಸನೆ, ಬಾಯಲ್ಲಿ ಸೀಮೆಸುಣ್ಣ.
ನಾರಿನ ಬಟ್ಟೆಯನ್ನು ಕತ್ತರಿಸಲಿಲ್ಲ, ಹರಿದೆ;
ಹರಿದ ಅಂಚೇ ಚೆನ್ನಾಗಿ ಕೂಡುವುದು.
ರಾಳಕ್ಕೆ ಹನಿ ಎಣಿಸಿ ಗಟ್ಟಿಮದ್ದು ಹಾಕಿ, ನೆನೆಸಿ, ಹಾಸಿ,
ರೋಲರಿನಲ್ಲಿ ಗುಳ್ಳೆ ಒತ್ತಿ ಓಡಿಸಿದೆ.
ಬೆಳಗಾಗುವುದರಲ್ಲಿ ಗಟ್ಟಿ. ಬಡಿದರೆ ಮೇಜಿನ ಸದ್ದು.
ಉದ್ದ ಹಲಗೆಗೆ ಮರಳುಕಾಗದ ಸುತ್ತಿ ಅಡ್ಡಡ್ಡ ಉಜ್ಜಿ
ಕರಿಪುಡಿ ಸವರಿ ಮತ್ತೆ ಉಜ್ಜಿ
(ಕಪ್ಪು ಉಳಿದಲ್ಲಿ ತಗ್ಗು, ಬೇಗ ಹೋದಲ್ಲಿ ದಿಬ್ಬ)
ಕಣ್ಣು ಮುಚ್ಚಿ ಅಂಗೈ ಆಡಿಸಿದೆ.
ಏನೂ ಸಿಗಲಿಲ್ಲ.

"ಬಣ್ಣ ಹೊಡೀಬೇಡ" ಎಂದ ಎಮಿಲ್.
"ಹೊರಗೆ ದೂಡು. ಬಿಸಿಲಿಗೆ ಬಿಡು.
ರಾಳ ಇನ್ನೂ ಕುಗ್ಗುತ್ತೆ.
ಕುಗ್ಗೋದೆಲ್ಲ ಬಣ್ಣಕ್ಕೆ ಮುಂಚೆ ಕುಗ್ಗಲಿ.
ನಮಗೆ ಅಲ್ಲಿ ಹೊತ್ತೇ ಕೊಡಲಿಲ್ಲ,
ಗಂಟೆಗೆ ಇಷ್ಟು ಅಂತ ಲೆಕ್ಕ."

ಮೂರು ವಾರ ಶೆಡ್ಡಿನ ಮುಂದೆ ನಿಂತಿತು
ಬೂದು ಪ್ರೈಮರಿನಲ್ಲಿ, ಚಕ್ರದಡಿ ಇಟ್ಟಿಗೆ,
ಹಗಲು ಸುಡುತ್ತ, ರಾತ್ರಿ ಇಬ್ಬನಿಯಲ್ಲಿ ತಣಿಯುತ್ತ.
ಪಕ್ಕದ ಮನೆ ಬೆಕ್ಕು ಬಾನೆಟ್ಟಿನ ಮೇಲೆ ಮಲಗಿತು.
ಡಾಕ್ಟರು ಮೂರು ಸಲ ಫೋನು ಮಾಡಿದರು.
ಮೆರವಣಿಗೆ ಅವರಿಲ್ಲದೆ ಹೋಯಿತು.

ಇಪ್ಪತ್ತನೆಯ ಸಂಜೆ, ಓರೆಬೆಳಕಿನಲ್ಲಿ
ಬಗ್ಗಿ ನೋಡಿದರೆ ಬಂದಿದೆ ಗೆರೆ,
ಕೂದಲೆಳೆಯಷ್ಟು, ಎಡಗಡೆ ಮಾತ್ರ.
ಸಿಟ್ಟು ಬರಲಿಲ್ಲ. ಬಾ, ಎಂದೆ.
ಈಗಲೇ ಬಂದೆಯಲ್ಲ, ವಾಸಿ.

ಮತ್ತೆ ಉಜ್ಜಬೇಕು. ಪೌಡರು ಮುಗಿದಿತ್ತು.
ಗಲ್ಲಾದಲ್ಲಿ ಹೊಸ ಹುಡುಗ, ಕಿವಿಯಲ್ಲಿ ಹಾಡು.
ಡಬ್ಬಿಯನ್ನು ಬೀಪ್ ಎನಿಸಿ ಚೀಲಕ್ಕೆ ಹಾಕಿದ,
ಏನೂ ಕೇಳಲಿಲ್ಲ.
ಚಿಲ್ಲರೆ ಎಣಿಸಿಕೊಂಡು ಸ್ವಲ್ಪ ಹೊತ್ತು ನಿಂತೆ.
"ನಾಲ್ಕು ತಿಂಗಳು" ಎಂದೆ.